ಬಿಸಿಯೂಟದ ತಟ್ಟೆಗೆ ಶಾಲೆಯದೇ ಸೊಪ್ಪು: ಕೈತೋಟ ಮಾಡುವ ಬಗೆ

ಬಿಸಿಯೂಟ ಮುಗಿಯುವ ಹೊತ್ತಿಗೆ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಐದು ನಿಮಿಷ ನಿಂತು ನೋಡಿ. ಅನ್ನ ಖಾಲಿಯಾಗಿರುತ್ತದೆ, ಬೇಳೆಯೂ ಹೋಗಿರುತ್ತದೆ. ಸೊಪ್ಪು, ಬದನೆ ಹೋಳು, ಕರಿಬೇವು ಮಾತ್ರ ತಟ್ಟೆಯ ಅಂಚಿನಲ್ಲಿ ಉಳಿದಿರುತ್ತವೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಕೊಡಬೇಕು ಎನ್ನುವುದು ಬಿಸಿಯೂಟದ ನಿಯಮ. ಆರರಿಂದ ಎಂಟನೇ ತರಗತಿಗೆ ಇದು 150, 30 ಮತ್ತು 75 ಗ್ರಾಂ. ಪಾತ್ರೆಗೆ ಬಿದ್ದ 50 ಗ್ರಾಂ ತರಕಾರಿ ಹೊಟ್ಟೆಗೆ ಎಷ್ಟು ಹೋಯಿತು ಎಂದು ಯಾರೂ ಅಳೆಯುವುದಿಲ್ಲ.

ಇದು ಸಣ್ಣ ವಿಷಯ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದೇ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿ ಕೂತಿದ್ದಾರೆ. ಅವರಿಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಊಟದಲ್ಲಿರುವ ಸೊಪ್ಪನ್ನು ಪ್ರೀತಿಯಿಂದ ತಿನ್ನುವುದನ್ನೂ ಕಲಿಸಬೇಕು, ಅಲ್ವಾ?

ಶಾಲಾ ಕೈತೋಟ ಇರುವುದು ಅದಕ್ಕೆ. ಇಲ್ಲಿ ಒಂದು ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ನೂರು ಮಕ್ಕಳಿಗೆ ತಲಾ 50 ಗ್ರಾಂ ಎಂದರೆ ದಿನಕ್ಕೆ 5 ಕೆಜಿ ತರಕಾರಿ. ಮೂರಡಿ ಅಗಲ, ಹತ್ತಡಿ ಉದ್ದದ ಒಂದು ಮಡಿಯಲ್ಲಿ ಹರಿವೆ ಚೆನ್ನಾಗಿ ಬಂದರೆ ತಿಂಗಳಿಗೆ ನಾಲ್ಕು ಕೆಜಿಯ ಆಸುಪಾಸು ಸಿಗಬಹುದು. ಅಂದರೆ ಒಂದು ತಿಂಗಳು ಬೆಳೆದದ್ದು ಒಂದು ದಿನದ ಊಟಕ್ಕೂ ಪೂರ್ತಿ ಸಾಲದು. ಹಾಗಾಗಿ ತರಕಾರಿ ಖರ್ಚು ಉಳಿಸಲು ಕೈತೋಟ ಮಾಡಹೊರಟರೆ ಬೇಸರವೇ ಗತಿ. ತಾನು ಬಿತ್ತಿದ ಸೊಪ್ಪನ್ನು ಮಗು ತಟ್ಟೆಯಲ್ಲಿ ಗುರುತಿಸಿ ತಿನ್ನಬೇಕು. ಈ ಬರಹದ ಎಲ್ಲ ಹೆಜ್ಜೆಗಳೂ ಅದನ್ನೇ ನೋಡಿಕೊಂಡು ಹೋಗುತ್ತವೆ.

ಮೊದಲು ಜನರನ್ನು ಕೂಡಿಸಿ

ಗುದ್ದಲಿ ಹಿಡಿಯುವ ಮುಂಚೆ ಒಂದು ಸಭೆ ಆಗಬೇಕು. ಮುಖ್ಯ ಶಿಕ್ಷಕರು, ತೋಟ ನೋಡಿಕೊಳ್ಳುವ ಒಬ್ಬರು ಶಿಕ್ಷಕರು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇಬ್ಬರು ಸದಸ್ಯರು, ಶಾಲೆಯ ಪಕ್ಕದ ಮನೆಯವರು ಇರಲಿ. ಬಹಳ ಕಡೆ ಮರೆತುಹೋಗುವವರು ಅಡುಗೆಯವರು. ಅವರನ್ನು ತಪ್ಪದೇ ಕೂರಿಸಿಕೊಳ್ಳಿ. ಕೊಯ್ದ ಸೊಪ್ಪು ಸೋಸುವುದು, ತೊಳೆಯುವುದು, ಹೆಚ್ಚುವುದು ಅವರಿಗೆ ಹೆಚ್ಚಿನ ಕೆಲಸ. ಯಾವ ದಿನ ಸೊಪ್ಪು ಬಂದರೆ ಅನುಕೂಲ ಎಂದು ಅವರನ್ನೇ ಕೇಳಿ. ಹಳ್ಳಿಯ ಎಷ್ಟೋ ಶಾಲೆಗಳಲ್ಲಿ ಬೇಸಾಯ ಚೆನ್ನಾಗಿ ಗೊತ್ತಿರುವುದೂ ಅವರಿಗೇ.

"ಓದೋಕೆ ಕಳಿಸಿದ್ರೆ ಮಣ್ಣು ಹೊರಿಸ್ತಾರೆ" ಎಂದು ಕೆಲವು ಪೋಷಕರು ಹೇಳುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಇದೆ. ಅಗೆಯುವುದು, ಗೊಬ್ಬರ ಹೊರುವುದು, ಬೇಲಿ ಕಟ್ಟುವುದು ದೊಡ್ಡವರ ಕೆಲಸ ಎಂದು ಸಭೆಯಲ್ಲೇ ಹೇಳಿಬಿಡಿ. ಮಕ್ಕಳ ಪಾಲು ಬಿತ್ತುವುದು, ನಾಟಿ ಮಾಡುವುದು, ನೋಡುವುದು, ಬರೆದುಕೊಳ್ಳುವುದು, ಕೊಯ್ಯುವುದು. ಒಂದು ತರಗತಿಗೆ ವಾರದಲ್ಲಿ ಒಂದು ಪಿರಿಯಡ್ ಸಾಕು.

ಎರಡು ವಿಷಯದಲ್ಲಿ ರಾಜಿ ಬೇಡ. ತಡವಾಗಿ ಬಂದವರಿಗೆ, ಹೋಮ್‌ವರ್ಕ್ ಮಾಡದವರಿಗೆ ತೋಟದ ಕೆಲಸವನ್ನು ಶಿಕ್ಷೆಯಾಗಿ ಕೊಡಬಾರದು. ಒಂದೇ ಒಂದು ಸಲ ಹಾಗೆ ಮಾಡಿದರೂ ಮಕ್ಕಳ ಮನಸ್ಸಿನಲ್ಲಿ ತೋಟ ಎಂದರೆ ಅವಮಾನ ಎಂದಾಗುತ್ತದೆ. ಇನ್ನೊಂದು, ಹುಡುಗಿಯರು ನೀರು ಹೊರಬೇಕು, ಹುಡುಗರು ಅಗೆಯಬೇಕು, ಗೊಬ್ಬರದ ಗುಂಡಿಗೆ ಇಂಥ ಮನೆಯ ಮಕ್ಕಳೇ ಇಳಿಯಬೇಕು ಎನ್ನುವ ಹಂಚಿಕೆ ತನ್ನಷ್ಟಕ್ಕೇ ಬಂದುಬಿಡುತ್ತದೆ. ಕೆಲಸದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಪ್ರತಿ ವಾರ ಸರದಿ ಬದಲಿಸಿ.

ಹಣದ ವಿಷಯ ಬೇಗ ಮುಗಿಸೋಣ. ಕೇಂದ್ರ ಶಿಕ್ಷಣ ಇಲಾಖೆ 2019ರಲ್ಲೇ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಬಿಸಿಯೂಟ ನಡೆಯುವ ಈಗಿನ ಪಿಎಂ ಪೋಷಣ್ ಯೋಜನೆಯಲ್ಲೂ ಈ ತೋಟಗಳಿಗೆ ಜಾಗ ಇದೆ. ಬೇಲಿ, ಇಂಗುಗುಂಡಿಯಂಥ ಕೆಲಸಕ್ಕೆ ಈ ವರ್ಷ ಯಾವ ಯೋಜನೆಯಲ್ಲಿ ಅವಕಾಶ ಇದೆ ಎಂದು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ಸಸಿಗೆ ತೋಟಗಾರಿಕೆ ಇಲಾಖೆಯ ನರ್ಸರಿ, ಸಲಹೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ. ಬೀಜ, ಎರಡು ಕುರ್ಪಿ, ಒಂದು ಗುದ್ದಲಿ, ನೀರು ಹಾಕುವ ಕ್ಯಾನು ಇದ್ದರೆ ಶುರು ಮಾಡಬಹುದು.

ಜಾಗ, ಅಳತೆ, ನೀರು

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ನೋಡಿ. ಇದನ್ನು ಹುಡುಕುವ ಕೆಲಸವನ್ನೇ ನಾಲ್ಕು-ಐದನೇ ತರಗತಿಗೆ ಬಿಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಟ್ಟಡದ ನೆರಳು ಎಲ್ಲಿಗೆ ಬರುತ್ತದೆ ಎಂದು ಸುಣ್ಣದಲ್ಲಿ ಗೆರೆ ಹಾಕಲಿ. ಶೌಚಾಲಯದ ಗುಂಡಿಯಿಂದ ದೂರ ಇರಲಿ. ಹಳೆಯ ಬಣ್ಣ ಉದುರುವ ಗೋಡೆಯ ಬುಡವೂ ಬೇಡ, ಹಳೆ ಪೇಂಟಿನಲ್ಲಿ ಸೀಸ ಇರಬಹುದು.

ಮಡಿಯ ಅಗಲ ಮೂರಡಿ ಮೀರಬಾರದು. ಮಕ್ಕಳ ಕೈ ಚಿಕ್ಕದು. ಎರಡೂ ಕಡೆಯಿಂದ ಒಂದೂವರೆ ಅಡಿ ಎಟುಕಿದರೆ ಮಡಿಯನ್ನು ತುಳಿಯದೆ ಕೆಲಸ ಮಾಡಬಹುದು. ಉದ್ದ ಹತ್ತಡಿ, ನಡುವೆ ಎರಡಡಿ ದಾರಿ. ಒಂದರಿಂದ ಏಳನೇ ತರಗತಿ ಇರುವ ಶಾಲೆಯಾದರೆ ತರಗತಿಗೆ ಒಂದರಂತೆ ಏಳು ಮಡಿ. ದಾರಿ ಸೇರಿ 350 ಚದರ ಅಡಿ, ಒಂದು ಗುಂಟೆಯ ಮೂರನೇ ಒಂದು ಭಾಗ ಅಷ್ಟೇ. ಮೊದಲ ವರ್ಷಕ್ಕೆ ಇದಕ್ಕಿಂತ ದೊಡ್ಡದು ಮಾಡಬೇಡಿ. ಉತ್ಸಾಹದಲ್ಲಿ ಐದು ಗುಂಟೆ ಅಗೆದು ಆಗಸ್ಟ್‌ಗೆ ಪಾರ್ಥೇನಿಯಂ ಬೆಳೆಸಿದ ಶಾಲೆಗಳು ಬೇಕಾದಷ್ಟಿವೆ. ಗಾಲಿಕುರ್ಚಿ ಬಳಸುವ ಮಗು ಇದ್ದರೆ ಒಂದು ದಾರಿಯನ್ನು ನಾಲ್ಕಡಿ ಮಾಡಿ, ಪಕ್ಕದ ಮಡಿಯನ್ನು ಕಲ್ಲು ಕಟ್ಟಿ ಎತ್ತರಿಸಿ.

ಜಾಗವೇ ಇಲ್ಲದ ಪೇಟೆ ಶಾಲೆಗಳಿಗೆ ಖಾಲಿ ಅಕ್ಕಿ ಚೀಲ ಇದೆ. ಅರ್ಧಕ್ಕೆ ಮಡಚಿ, ತಳದಲ್ಲಿ ತೂತು ಮಾಡಿ, ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಸಮ ತುಂಬಿ. ಮೆಂತ್ಯ, ಹರಿವೆ, ಟೊಮೆಟೊ ಎಲ್ಲ ಬರುತ್ತವೆ. ಚಾವಣಿಯ ಮೇಲೆ ಇಡುವುದಾದರೆ ಕಟ್ಟಡ ಭಾರ ತಡೆಯುತ್ತದೆಯೇ ಎಂದು ಇಂಜಿನಿಯರನ್ನು ಕೇಳಿಯೇ ಇಡಬೇಕು.

ಮಳೆ ಇಲ್ಲದ ದಿನಗಳಲ್ಲಿ ಒಂದು ಮಡಿಗೆ ದಿನಕ್ಕೆ ಒಂದು ಕೊಡ ನೀರು, ಸುಮಾರು 14–15 ಲೀಟರ್ ಬೇಕು. ಏಳು ಮಡಿಗೆ ನೂರು ಲೀಟರ್. ಈ ನೀರು ಶಾಲೆಯಲ್ಲೇ ಇದೆ. ಒಂದು ಮಗು ಕೈ, ತಟ್ಟೆ ತೊಳೆಯಲು ಎರಡು ಲೀಟರ್ ಬಳಸಿದರೆ ನೂರು ಮಕ್ಕಳಿಗೆ 200 ಲೀಟರ್ ಆಯಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನೇರವಾಗಿ ಮಡಿಗೆ ಹಾಕಬಹುದು. ಸೋಪಿನ ನೀರು ಸೊಪ್ಪಿನ ಮಡಿಗೆ ಬೇಡ. ಅದನ್ನು ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಹರಿಸಿ ಬಾಳೆ ಬುಡಕ್ಕೆ ಬಿಡಿ. ನಲ್ಲಿ ಬುಡದ ಕೊಚ್ಚೆಯೂ, ಅದರ ಸೊಳ್ಳೆಯೂ ಇದರಿಂದ ಕಡಿಮೆಯಾಗುತ್ತವೆ.

ಮಣ್ಣು ಹದ ಮಾಡುವುದು

ಶಾಲೆಯ ಅಂಗಳದ ಮಣ್ಣು ಸಾಮಾನ್ಯವಾಗಿ ಗಟ್ಟಿ. ಕಟ್ಟಡದ ಗಾರೆ ಚೂರು, ಗಾಜು, ಪ್ಲಾಸ್ಟಿಕ್ ಅದರಲ್ಲಿ ಸೇರಿರುತ್ತವೆ. ದೊಡ್ಡವರು ಒಂದಡಿ ಆಳ ಅಗೆದು ಇವನ್ನೆಲ್ಲ ಆರಿಸಿ ತೆಗೆಯಬೇಕು. ಮಡಿಗೆ ಎರಡು ದೊಡ್ಡ ಪುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಬಾರದು. ಗೆದ್ದಲು ಬರುತ್ತದೆ, ರೋಗಾಣುಗಳೂ ಇರುತ್ತವೆ.

ಈ ಹಂತದಲ್ಲಿ ಮಕ್ಕಳಿಗೆ ಒಂದು ಒಳ್ಳೆಯ ಪ್ರಯೋಗ ಇದೆ. ಪಾರದರ್ಶಕ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಜೋರಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ಗೋಡುಮಣ್ಣು ಕೆಲವು ಗಂಟೆಗಳಲ್ಲಿ ಕೂರುತ್ತದೆ. ಜೇಡಿ ತಿಳಿಯಾಗಲು ಒಂದು ದಿನ ಬೇಕು. ಎಲೆಯ ಚೂರು, ಬೇರು ಮೇಲೆ ತೇಲುತ್ತವೆ. ಪದರಗಳನ್ನು ಸ್ಕೇಲಿನಲ್ಲಿ ಅಳೆದು ನಮ್ಮ ಮಣ್ಣಿನಲ್ಲಿ ಯಾವುದು ಎಷ್ಟು ಎಂದು ಬರೆಯಬಹುದು. ಒಂದು ಬಾಟಲಿಗೆ ಶಾಲೆಯ ಮಣ್ಣು, ಇನ್ನೊಂದಕ್ಕೆ ಯಾರದಾದರೂ ಹೊಲದ ಮಣ್ಣು ಹಾಕಿದರೆ ಹೋಲಿಕೆಗೆ ಚೆನ್ನ.

ಗೊಬ್ಬರದ ಗುಂಡಿ ಮೂರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳ ಇದ್ದರೆ ಸಾಕು. ತರಕಾರಿ ಸಿಪ್ಪೆ, ಒಣ ಎಲೆ, ಮೇಲೊಂದು ತೆಳು ಪದರ ಮಣ್ಣು. ಅನ್ನ, ಸಾಂಬಾರು ಹಾಕಿದರೆ ಇಲಿ, ನಾಯಿ ಬರುತ್ತವೆ, ಹಾಗಾಗಿ ಬೇಡ. ಒಣ ಎಲೆಗೆ ಬೆಂಕಿ ಹಾಕುವ ಅಭ್ಯಾಸ ಶಾಲೆಯಲ್ಲಿ ಇದ್ದರೆ ಅವತ್ತೇ ನಿಲ್ಲಿಸಿ.

ಏನು ಬೆಳೆಯಬೇಕು?

ಹೆಚ್ಚು ತೂಕ ಬರುವುದನ್ನು ಆರಿಸಿದರೆ ಸೋರೆ, ಬೂದುಗುಂಬಳ ಬೆಳೆಯಬೇಕಾಗುತ್ತದೆ. ನಮಗೆ ಬೇಕಾದದ್ದು ತಟ್ಟೆಯಲ್ಲಿ ಕೊರತೆ ಇರುವುದನ್ನು ತುಂಬುವ ಗಿಡಗಳು. ಅನ್ನ-ಸಾಂಬಾರಿನ ಊಟದಲ್ಲಿ ಮುಖ್ಯವಾಗಿ ಕಡಿಮೆ ಬೀಳುವುದು ಕಬ್ಬಿಣ, ಕ್ಯಾಲ್ಸಿಯಂ, ಎ ಮತ್ತು ಸಿ ಜೀವಸತ್ವ. ಹಾಗಾಗಿ ಗಿಡಗಳನ್ನು ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು ಬೇಗ ಕೈಗೆ ಬರುವ ಸೊಪ್ಪು. ಮೆಂತ್ಯ, ಹರಿವೆ, ಕೊತ್ತಂಬರಿ. ಮೆಂತ್ಯ, ಹರಿವೆ 25–30 ದಿನದಲ್ಲಿ ಕೊಯ್ಲಿಗೆ ಬರುತ್ತವೆ. ಮಕ್ಕಳ ತಾಳ್ಮೆಗೆ ಈ ಅವಧಿ ಸರಿಹೊಂದುತ್ತದೆ. ಹರಿವೆ ಬೀಜ ತೀರ ಸಣ್ಣದು. ಒಂದು ಚಮಚ ಬೀಜಕ್ಕೆ ಒಂದು ಬೊಗಸೆ ಮರಳು ಬೆರೆಸಿ ಉದುರಿಸಿ, ಕೈಯಿಂದ ಮೇಲೆ ಮೇಲೆ ಕೆದಕಿ ಮುಚ್ಚಿ. ಇರುವೆ ಬೀಜ ಹೊತ್ತುಕೊಂಡು ಹೋಗುತ್ತದೆ. ಮಡಿಯ ಸುತ್ತ ಸ್ವಲ್ಪ ರವೆ ಉದುರಿಸಿದರೆ ಅದು ರವೆಯ ಹಿಂದೆ ಹೋಗುತ್ತದೆ, ಬೀಜ ಉಳಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹಸಿರು ಹರಿವೆ, ಅರ್ಕಾ ಅರುಣಿಮಾ ಕೆಂಪು ಹರಿವೆ. ಒಂದು ಮಡಿಯಲ್ಲಿ ಕೆಂಪು ಹರಿವೆ ಖಂಡಿತ ಇರಲಿ, ಮುಂದೆ ಪಾಠಕ್ಕೆ ಬೇಕು.

ಪಾಲಕ್ ಬಗ್ಗೆ ಒಂದು ಮಾತು. ಪಾಠಪುಸ್ತಕಗಳಲ್ಲಿ ಅದಕ್ಕೇ ದೊಡ್ಡ ಹೆಸರು. ಆದರೆ ಅದರಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಎಂಬ ಅಂಶ ಜಾಸ್ತಿ, ಹಾಗಾಗಿ ಅದರ ಕ್ಯಾಲ್ಸಿಯಂ ದೇಹಕ್ಕೆ ಅಷ್ಟಾಗಿ ದಕ್ಕುವುದಿಲ್ಲ. ಬೆಳೆಯಿರಿ, ಬೇಡ ಅನ್ನುವುದಿಲ್ಲ. ಅದರ ಜಾಗದಲ್ಲಿ ನುಗ್ಗೆ ಇದ್ದರೆ ನನಗೆ ಹೆಚ್ಚು ಸಂತೋಷ.

ಎರಡನೆಯ ಗುಂಪು ವರ್ಷವಿಡೀ ಇರುವ ಗಿಡಗಳು. ನುಗ್ಗೆ, ಕರಿಬೇವು, ಬಸಳೆ, ಪಪ್ಪಾಯಿ, ನಿಂಬೆ, ಸೀಬೆ, ಬಾಳೆ. ನೂರು ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ಗಿಡ ಮೂರಡಿ ಆದಾಗ ತುದಿ ಚಿವುಟಿ. ಅದು ಪೊದೆಯಾಗಿ ಹರಡುತ್ತದೆ, ಸೊಪ್ಪು ಮಕ್ಕಳ ಕೈಗೆ ಎಟುಕುತ್ತದೆ. ಸುಮ್ನೆ ಬಿಟ್ಟರೆ ಮರವಾಗಿ, ರೆಂಬೆ ಮುರಿದು ಬೀಳುತ್ತದೆ. ಇನ್ನೊಂದು ಎಚ್ಚರ: ನುಗ್ಗೆಗೆ ಕಂಬಳಿಹುಳು ಬರುತ್ತದೆ, ತಾಗಿದರೆ ಮೈ ತುರಿಕೆ. ತರಗತಿಯ ಕಿಟಕಿ, ಮಕ್ಕಳು ಕೂತು ಉಣ್ಣುವ ಕಟ್ಟೆ, ಇವುಗಳ ಹತ್ತಿರ ನುಗ್ಗೆ ನೆಡಬೇಡಿ. ಕಾಂಪೌಂಡಿನ ಮೂಲೆ ಒಳ್ಳೆಯದು.

ಸೀಬೆಗೆ ನನ್ನ ವಿಶೇಷ ಶಿಫಾರಸು. ಸಿ ಜೀವಸತ್ವದಲ್ಲಿ ಅದು ಕಿತ್ತಳೆಗಿಂತ ಎಷ್ಟೋ ಮುಂದೆ. ಸೊಪ್ಪು-ಬೇಳೆಯ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳಲು ಅದೇ ಊಟದಲ್ಲಿ ಸಿ ಜೀವಸತ್ವ ಇರಬೇಕು.

ಮೂರನೆಯ ಗುಂಪು ಕಾಯಿಗಳು. ಬೆಂಡೆ, ಅಲಸಂದೆ, ಚಪ್ಪರದ ಅವರೆ, ಟೊಮೆಟೊ, ಬದನೆ, ಬೇಲಿಗೆ ಹೀರೆ. ಅಲಸಂದೆ, ಅವರೆಯ ಬೇರನ್ನು ಕಿತ್ತು ನೋಡಿದರೆ ಗಂಟುಗಳು ಕಾಣುತ್ತವೆ. ಗಾಳಿಯ ಸಾರಜನಕವನ್ನು ಹಿಡಿದಿಡುವ ಬ್ಯಾಕ್ಟೀರಿಯಾ ಅದರೊಳಗಿದೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ.

ಇವುಗಳ ಜೊತೆ ಯಾರೂ ಬಿತ್ತದೆ ಹುಟ್ಟುವ ಸೊಪ್ಪುಗಳಿವೆ. ಹೊನಗನೆ, ಗಣಿಕೆ, ಅಣ್ಣೆ, ಒಂದೆಲಗ. ಮಂಡ್ಯ, ಕೋಲಾರದ ಕಡೆ ಇಂಥವನ್ನೆಲ್ಲ ಕೂಡಿಸಿ ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಧಾರವಾಡ, ವಿಜಯಪುರದ ಕಡೆ ಹಕ್ಕರಕಿ, ಪುಂಡಿ ಪಲ್ಯ. ತೋಟದ ಒಂದು ಮೂಲೆಯಲ್ಲಿ ಕಳೆ ಕೀಳದೆ ಬಿಟ್ಟು, ಊರಿನ ಅಜ್ಜಿಯರನ್ನು ಒಂದು ಶನಿವಾರ ಶಾಲೆಗೆ ಕರೆಯಿರಿ. ಅವರು ಒಂದೊಂದೇ ಗಿಡ ತೋರಿಸಿ ಹೆಸರು ಹೇಳಲಿ, ಹೇಗೆ ಅಡುಗೆ ಮಾಡುತ್ತಿದ್ದೆವು ಎಂದು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಅಜ್ಜಿಯರು ಖಚಿತವಾಗಿ ಗುರುತಿಸಿದ್ದನ್ನು ಮಾತ್ರ ಅಡುಗೆಗೆ ಕೊಡಬೇಕು. ಮಕ್ಕಳು ತಾವೇ ಕಿತ್ತು ಬಾಯಿಗೆ ಹಾಕಿಕೊಳ್ಳಬಾರದು. ಹರಳು, ಕಾಡುಹರಳು, ಉಮ್ಮತ್ತಿ, ಕಣಗಿಲೆ ಆವರಣದಲ್ಲಿದ್ದರೆ ತೆಗೆಸಿಬಿಡಿ. ಹರಳಿನ ಬೀಜವನ್ನು ಮಕ್ಕಳು ಕಡಲೆ ಎಂದು ತಿಂದು ಆಸ್ಪತ್ರೆ ಸೇರುವುದುಂಟು.

ಯಾವಾಗ ಏನು

ಬಯಲುಸೀಮೆಯಲ್ಲಿ ಶಾಲೆ ತೆರೆದ ಕೂಡಲೇ ಮಡಿ ಸಿದ್ಧ ಮಾಡಿ, ಜೂನ್ ಎರಡನೇ ವಾರ ಸೊಪ್ಪು, ಬೆಂಡೆ, ಅಲಸಂದೆ ಬಿತ್ತಿ. ಟೊಮೆಟೊ, ಬದನೆಗೆ ಅದೇ ಹೊತ್ತಿಗೆ ಸಸಿಮಡಿ ಮಾಡಿದರೆ ಜುಲೈನಲ್ಲಿ ನಾಟಿ. ಮೊದಲ ಸೊಪ್ಪು ಜುಲೈ ಮಧ್ಯಕ್ಕೆ ಬರುತ್ತದೆ, ಬೆಂಡೆ ಆಗಸ್ಟ್ 15ರ ಹೊತ್ತಿಗೆ.

ಕರಾವಳಿ, ಮಲೆನಾಡಿಗೆ ಈ ಲೆಕ್ಕ ನಡೆಯುವುದಿಲ್ಲ. ಜೂನ್-ಜುಲೈ ಮಳೆಗೆ ಹರಿವೆ ಕೊಳೆಯುತ್ತದೆ, ಮೆಂತ್ಯ ಕೊಚ್ಚಿ ಹೋಗುತ್ತದೆ. ಅಲ್ಲಿ ಮಳೆಗಾಲಕ್ಕೆ ಎತ್ತರದ ಏರಿಯ ಮೇಲೆ ಬೆಂಡೆ, ಹೀರೆ, ಮುಳ್ಳುಸೌತೆ, ಕೆಸು. ಸೊಪ್ಪಿನ ಕಾಲ ದಸರಾ ರಜೆ ಮುಗಿದ ಮೇಲೆ. ಮಂಗನ ಕಾಟ ಇರುವಲ್ಲಿ ಹಾಗಲ, ಕೆಸು, ಸುವರ್ಣಗೆಡ್ಡೆ, ಬಸಳೆ ಸ್ವಲ್ಪ ಉಳಿಯುತ್ತವೆ.

ಉತ್ತರ ಕರ್ನಾಟಕದ ಕಪ್ಪು ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಮಡಿಯನ್ನು ಅರ್ಧ ಅಡಿ ಎತ್ತರಿಸಲೇಬೇಕು. ಅಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿಯೇ ಚಂದದ ಕಾಲ. ಮೆಂತ್ಯ, ರಾಜಗಿರಿ, ಗಜ್ಜರಿ (ಕ್ಯಾರೆಟ್), ಮೂಲಂಗಿ ಆಗ ಚೆನ್ನಾಗಿ ಬರುತ್ತವೆ.

ಒಂದೇ ದಿನ ಎಲ್ಲ ಮಡಿಗೂ ಹರಿವೆ ಬಿತ್ತಬೇಡಿ. ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ತೋಟದಲ್ಲಿ ಯಾವಾಗಲೂ ಒಂದು ಮೊಳಕೆಯ ಮಡಿ, ಒಂದು ಕೊಯ್ಲಿನ ಮಡಿ ಇರುತ್ತದೆ.

ತೋಟದಲ್ಲಿ ಪಾಠ

ಬಹಳ ಶಾಲೆಗಳಲ್ಲಿ ತೋಟ ಚೆನ್ನಾಗಿರುತ್ತದೆ, ಪಾಠ ಮಾತ್ರ ಕೋಣೆಯೊಳಗೇ ಉಳಿದುಬಿಡುತ್ತದೆ. ವಾರದ ಒಂದು ಪಿರಿಯಡ್‌ಗೆ ಟೈಮ್‌ಟೇಬಲ್‌ನಲ್ಲೇ ಜಾಗ ಕೊಡಿ. ಇಲ್ಲದಿದ್ದರೆ ಅದು ನಡೆಯುವುದಿಲ್ಲ.

ಚಿಕ್ಕ ತರಗತಿಗಳಿಗೆ ಬಣ್ಣ, ವಾಸನೆ, ಮುಟ್ಟಿ ನೋಡುವುದು ಸಾಕು. ಕಣ್ಣು ಮುಚ್ಚಿ ಎಲೆಯ ವಾಸನೆಯಿಂದ ಕೊತ್ತಂಬರಿ, ಮೆಂತ್ಯ, ಕರಿಬೇವು, ದೊಡ್ಡಪತ್ರೆ ಗುರುತಿಸುವ ಆಟ ಅವರಿಗೆ ತುಂಬ ಇಷ್ಟ. ನಾಲ್ಕು-ಐದನೆಯವರು ಗಿಡದ ಎತ್ತರ ಅಳೆದು ಗ್ರಾಫ್ ಬಿಡಿಸಲಿ. ಕೊಯ್ದದ್ದನ್ನು ತೂಗಿ, ಸಂತೆಯ ಬೆಲೆಗೆ ಗುಣಿಸಲಿ. ದೊಡ್ಡ ತರಗತಿಗೆ ಈ ಮೂರು ಪ್ರಯೋಗ ಮಾಡಿಸಿ.

ಮೊದಲನೆಯದು ಕೆಂಪು ಹರಿವೆಯದು. ಎರಡು ಬಟ್ಟಲು ನೀರು ಇಡಿ. ಒಂದರಲ್ಲಿ ಇಡೀ ಎಲೆಗಳನ್ನು ತೊಳೆಯಿರಿ. ಇನ್ನೊಂದರಲ್ಲಿ ಸಣ್ಣಗೆ ಹೆಚ್ಚಿದ ಎಲೆಗಳನ್ನು ಹತ್ತು ನಿಮಿಷ ನೆನೆಸಿ. ಎರಡನೇ ಬಟ್ಟಲಿನ ನೀರು ಕೆಂಪಾಗುತ್ತದೆ. ಬಣ್ಣ ಹೋದ ದಾರಿಯಲ್ಲೇ ನೀರಿನಲ್ಲಿ ಕರಗುವ ಜೀವಸತ್ವಗಳೂ ಹೋಗುತ್ತವೆ. ತೊಳೆದು ಹೆಚ್ಚಬೇಕು, ಹೆಚ್ಚಿ ತೊಳೆಯಬಾರದು ಎಂದು ಇನ್ನು ಹೇಳಬೇಕಾಗಿಲ್ಲ, ಮಕ್ಕಳೇ ಮನೆಗೆ ಹೋಗಿ ಅಮ್ಮನಿಗೂ ಅಪ್ಪನಿಗೂ ಹೇಳುತ್ತಾರೆ. ಬಸ್ಸಾರು ಮಾಡುವ ನಮ್ಮ ಕಡೆಯವರು ಬೇಯಿಸಿದ ನೀರನ್ನೂ ಬಸಿದು ಸಾರಿಗೆ ಬಳಸುತ್ತಾರೆ. ಇದೇ ಪಾಠದಲ್ಲಿ ಅದನ್ನೂ ಸೇರಿಸಿ.

ಎರಡನೆಯದಕ್ಕೆ ಕ್ಯಾರೆಟ್ ತುರಿ ಬೇಕು. ಸ್ವಲ್ಪ ತುರಿಯನ್ನು ನೀರಿಗೆ, ಸ್ವಲ್ಪವನ್ನು ಬೆಚ್ಚಗಿನ ಅಡುಗೆ ಎಣ್ಣೆಗೆ ಹಾಕಿಡಿ. ಎಣ್ಣೆ ಬಿಸಿ ಮಾಡುವುದು ಶಿಕ್ಷಕರೇ. ನೀರಿನ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ, ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕ್ಯಾರೋಟಿನ್‌ದು, ದೇಹದಲ್ಲಿ ಅದು ಎ ಜೀವಸತ್ವವಾಗುತ್ತದೆ. ಸೊಪ್ಪಿನ ಹಸಿರಿನ ಒಳಗೂ ಅದೇ ಇದೆ. ಸೊಪ್ಪಿಗೆ ಒಗ್ಗರಣೆ ಯಾಕೆ ಬೇಕು ಎಂದು ಇಲ್ಲಿ ಗೊತ್ತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಚೆನ್ನ. ಒಂದು ಲೋಟ ನೀರಿಗೆ ಒಂದು ಚಮಚ ಅನ್ನದ ಗಂಜಿ ಬೆರೆಸಿ, ಟಿಂಚರ್ ಅಯೋಡಿನ್ ಕೆಲವು ಹನಿ ಹಾಕಿ. ನೀರು ಕಡುನೀಲಿ ಆಗುತ್ತದೆ. ಇದನ್ನು ನಾಲ್ಕು ಗಾಜಿನ ಲೋಟಗಳಿಗೆ ಸಮನಾಗಿ ಹಂಚಿ. ಒಂದಕ್ಕೆ ನಿಂಬೆರಸ, ಒಂದಕ್ಕೆ ಸೀಬೆ ರಸ, ಒಂದಕ್ಕೆ ನೆಲ್ಲಿ ರಸ, ಕೊನೆಯದಕ್ಕೆ ಹತ್ತು ನಿಮಿಷ ಕುದಿಸಿದ ನಿಂಬೆರಸವನ್ನು ಹನಿ ಹನಿಯಾಗಿ ಬಿಡುತ್ತಾ ನೀಲಿ ಮಾಯವಾಗುವವರೆಗೆ ಎಣಿಸಿ. ಕಡಿಮೆ ಹನಿಗೆ ನೀಲಿ ಹೋದದ್ದರಲ್ಲಿ ಸಿ ಜೀವಸತ್ವ ಹೆಚ್ಚು. ಕುದಿಸಿದ ನಿಂಬೆಗೆ ಹೆಚ್ಚು ಹನಿ ಬೇಕಾದರೆ ಯಾಕೆ ಎಂದು ಮಕ್ಕಳನ್ನೇ ಕೇಳಿ. ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುವ ಕಾರಣ ಅಲ್ಲಿದೆ. ಈ ಲೋಟಗಳನ್ನು ಅಡುಗೆಮನೆಗೆ ಮತ್ತೆ ಕೊಡಬಾರದು, ಪ್ರಯೋಗಕ್ಕೆಂದೇ ಬೇರೆ ಇಡಿ.

ಅಡುಗೆಮನೆ, ತಟ್ಟೆ, ನಾಲಿಗೆ

ಕೊಯ್ಲಿನ ದಿನವೇ ಅಡುಗೆಯ ದಿನ ಆಗಬೇಕು. ವಾರದಲ್ಲಿ ಒಂದು ದಿನವನ್ನು ಸೊಪ್ಪಿನ ದಿನ ಎಂದು ಗೊತ್ತು ಮಾಡಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒಂದು ತರಗತಿಯ ಮಕ್ಕಳು ಕೊಯ್ದು, ತೂಗಿ, ಪುಸ್ತಕದಲ್ಲಿ ಬರೆದು ಅಡುಗೆಯವರ ಕೈಗೆ ಕೊಡಲಿ. ಎರಡೇ ಕೆಜಿ ಸಿಕ್ಕರೂ ಆಗಲಿ. ಅಂಗಡಿಯ ತರಕಾರಿ ಹೇಗೂ ಇರುತ್ತದೆ, ಅದರ ಜೊತೆ ಸೇರಿ ಮಸ್ಸೊಪ್ಪು ಆಗುತ್ತದೆ, ಸೊಪ್ಪಿನ ಹುಳಿ ಆಗುತ್ತದೆ. ಬಡಿಸುವಾಗ "ಇವತ್ತಿನ ಸೊಪ್ಪು ಮೂರನೇ ಕ್ಲಾಸಿನ ಮಡಿಯದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಮೂರನೇ ಕ್ಲಾಸಿನವರು ಅವತ್ತು ಬಿಡದೆ ತಿನ್ನುತ್ತಾರೆ.

ಬಲವಂತ ಮಾತ್ರ ಬೇಡ. ಹೊಸ ರುಚಿ ಒಗ್ಗಲು ಮಕ್ಕಳಿಗೆ ಎಂಟು-ಹತ್ತು ಸಲ ಬೇಕಾಗಬಹುದು. "ಒಂದು ಬೆರಳ ತುದಿಯಷ್ಟು ರುಚಿ ನೋಡು, ಬೇಡ ಅನ್ನಿಸಿದರೆ ಬಿಡು" ಎನ್ನುವುದು ಒಳ್ಳೆಯ ನಿಯಮ. "ಚೆನ್ನಾಗಿಲ್ಲ" ಎಂದು ಹೇಳಿ ಮುಗಿಸುವ ಬದಲು ಹೇಗಿತ್ತು ಎಂದು ಹೇಳುವುದನ್ನು ಕಲಿಸಿ. ಕಹಿಯೇ, ಒಗರೇ, ಲೋಳೆಯೇ, ನಾರೇ, ಸಪ್ಪೆಯೇ? ಬಸಳೆ ಲೋಳೆ ಅನ್ನಿಸಿದರೆ ಬೇಳೆ ಜೊತೆ ಬೇಯಿಸಬಹುದು. ಮೆಂತ್ಯ ಕಹಿ ಅನ್ನಿಸಿದರೆ ಎಳೆಯದು ಕೊಯ್ದು ಪಲಾವಿಗೆ ಹಾಕಬಹುದು. ನುಗ್ಗೆ ಸೊಪ್ಪನ್ನು ಕಡ್ಡಿ ಇಲ್ಲದೆ ಬಿಡಿಸಿ ಕೊಡದಿದ್ದರೆ ಯಾವ ಮಗುವೂ ತಿನ್ನುವುದಿಲ್ಲ, ಅದರಲ್ಲಿ ಮಗುವಿನ ತಪ್ಪಿಲ್ಲ. ಮಕ್ಕಳ ಮಾತನ್ನು ಅಡುಗೆಯವರಿಗೆ ಗೌರವದಿಂದ ತಲುಪಿಸಿ, ದೂರಿನಂತೆ ಅಲ್ಲ.

ಶಿಕ್ಷಕರು ಮಕ್ಕಳ ಜೊತೆ ಕೂತು ಅದೇ ಸೊಪ್ಪು ತಿನ್ನಬೇಕು. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡುವ ನಿಯಮ ಇದ್ದೇ ಇದೆ. ಆದರೆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದರೆ, ಅವರು ಪೋಷಕಾಂಶದ ಬಗ್ಗೆ ಹೇಳಿದ್ದೆಲ್ಲ ಗಾಳಿಗೆ ಹೋದಂತೆ.

ಹುಳ, ಔಷಧಿ, ಮಕ್ಕಳ ಸುರಕ್ಷೆ

ಶಾಲೆಯ ಆವರಣಕ್ಕೆ ರಾಸಾಯನಿಕ ಕೀಟನಾಶಕ ಬರಲೇಬಾರದು. ಖಾಲಿ ಡಬ್ಬಿಯೂ ಬೇಡ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ತಿಂದ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಗಿಡ ಸತ್ತರೆ ಸಾಯಲಿ, ಇನ್ನೊಂದು ಬಿತ್ತಬಹುದು.

ಗಿಡಕ್ಕೆ ಸಸ್ಯಹೇನು ಬಂದರೆ ಜೋರಾಗಿ ನೀರು ಚಿಮುಕಿಸಿ. ಹೋಗದಿದ್ದರೆ ಬೇವಿನ ಬೀಜದ ಕಷಾಯ: ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕದಡಿ, ಸಂಜೆ ದೊಡ್ಡವರು ಸಿಂಪಡಿಸಬೇಕು. ಹೊಡೆದ ಮೇಲೆ ಕೆಲವು ದಿನ ಆ ಮಡಿಯ ಸೊಪ್ಪು ಕೊಯ್ಯಬೇಡಿ, ಆಮೇಲೂ ಚೆನ್ನಾಗಿ ತೊಳೆದು ಬಳಸಿ. ಮಡಿಯ ಅಂಚಿಗೆ ಚೆಂಡುಹೂ ಹಾಕಿ. ತೂತಾದ ಎಲೆಯನ್ನೂ ತಿನ್ನಬಹುದು ಎಂದು ಮಕ್ಕಳಿಗೆ ಹೇಳಿ.

ಬರಿಗಾಲಲ್ಲಿ ತೋಟಕ್ಕೆ ಇಳಿಸಬೇಡಿ. ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಸೊಪ್ಪು ತಿನ್ನಿಸಿ ಕೊಟ್ಟ ಕಬ್ಬಿಣವನ್ನು ಅದು ಕಸಿದುಕೊಳ್ಳುತ್ತದೆ. ಚಪ್ಪಲಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ, ಈ ಮೂರೂ ಪೋಷಣೆಯ ಪಾಠದ ಭಾಗವೇ. ಮಳೆಗಾಲದಲ್ಲಿ ಮಕ್ಕಳಿಗಿಂತ ಮೊದಲು ದೊಡ್ಡವರೊಬ್ಬರು ಕೋಲು ಹಿಡಿದು ತೋಟ ಸುತ್ತಿ ಬರಲಿ, ಹಾವು ಇರಬಹುದು. ಗುದ್ದಲಿ, ಕುಡುಗೋಲು ಬೀಗದ ಕೋಣೆಯಲ್ಲಿರಲಿ.

ಪುಸ್ತಕ ಮತ್ತು ರಜೆ

ಒಂದು ದಪ್ಪ ನೋಟ್‌ಬುಕ್ ಇಡಿ. ಬಿತ್ತಿದ ದಿನ, ಕೊಯ್ದ ದಿನ, ತೂಕ ಬರೆಯುತ್ತಾ ಹೋಗಿ. ಇವಕ್ಕಿಂತ ಮುಖ್ಯ ಇನ್ನೊಂದು ಅಂಕಣ: ಸೊಪ್ಪಿನ ದಿನ ತಟ್ಟೆಗಳಲ್ಲಿ ಉಳಿದದ್ದೆಷ್ಟು. ಉಳಿದ ಸೊಪ್ಪು, ತರಕಾರಿಯನ್ನು ಒಂದು ಬಕೆಟ್‌ಗೆ ಹಾಕಿಸಿ ತೂಗಿ. ಜೂನ್‌ನ ತೂಕವನ್ನೂ ಜನವರಿಯ ತೂಕವನ್ನೂ ಮಕ್ಕಳೇ ಹೋಲಿಸಲಿ. ತೋಟ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಈ ಬಕೆಟ್ ಸಾಕು.

ದಸರಾ ರಜೆಗೆ ಪಕ್ಕದ ಮನೆಯವರನ್ನು ನೀರಿಗೆ ಒಪ್ಪಿಸಿ. ಬಂದ ತರಕಾರಿ ಅವರೇ ತೆಗೆದುಕೊಳ್ಳಲಿ ಎಂದು ಮೊದಲೇ ಹೇಳಿ, ಆಮೇಲೆ ಕಳುವಾಯಿತು ಎಂಬ ಮಾತೇ ಬರುವುದಿಲ್ಲ. ಬೇಸಿಗೆ ರಜೆ ದೊಡ್ಡದು, ಏಪ್ರಿಲ್‌ನಿಂದ ಮೇ ಕೊನೆಯವರೆಗೆ. ಆಗ ಮಡಿಗಳಲ್ಲಿ ಬೆಳೆ ಉಳಿಸಲು ಹೆಣಗಬೇಡಿ. ಮಾರ್ಚ್ ಹೊತ್ತಿಗೆ ಒಂದೊಂದು ಒಳ್ಳೆಯ ಗಿಡವನ್ನು ಬೀಜಕ್ಕೆ ಬಿಡಿ. ಹರಿವೆ, ಬೆಂಡೆ, ಅವರೆ, ಅಲಸಂದೆ ಬೀಜ ಸುಲಭ. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಟೊಮೆಟೊ ಬೀಜ ಇಡಬೇಡಿ, ಮುಂದಿನ ಗಿಡ ತಾಯಿಯಂತೆ ಬರುವುದಿಲ್ಲ. ಮಡಿಗಳಿಗೆ ಅರ್ಧ ಅಡಿ ಒಣ ಎಲೆ, ಹುಲ್ಲು ಹೊದಿಸಿ ಮುಚ್ಚಿ. ನುಗ್ಗೆ, ಸೀಬೆ, ನಿಂಬೆ ಬುಡಕ್ಕೆ ವಾರಕ್ಕೆರಡು ಸಲ ನೀರು ಹೋಗುವ ಏರ್ಪಾಡು ಇದ್ದರೆ ಸಾಕು.

ಬೀಜವನ್ನು ಒಣಗಿಸಿ, ಬೂದಿ ಬೆರೆಸಿ, ಅರ್ಧ ಶಾಲೆಗೆ ಇಟ್ಟುಕೊಂಡು ಉಳಿದರ್ಧವನ್ನು ಪೊಟ್ಟಣ ಕಟ್ಟಿ ಮಕ್ಕಳ ಕೈಗೆ ಕೊಡಿ. ಪೊಟ್ಟಣದ ಮೇಲೆ ಬೀಜದ ಹೆಸರು, ಬಿತ್ತುವ ತಿಂಗಳು ಅವರೇ ಬರೆಯಲಿ. ಮನೆಯಲ್ಲಿ ಮೊದಲ ಮಳೆಗೆ ಬಿತ್ತಲು ಹೇಳಿ. ಶಾಲೆ ತೆರೆದ ಮೊದಲ ವಾರವೇ ಯಾರ ಹಿತ್ತಲಲ್ಲಿ ಏನು ಹುಟ್ಟಿದೆ ಎಂದು ಕೇಳಿ, ಅದನ್ನೂ ಅದೇ ನೋಟ್‌ಬುಕ್ಕಿಗೆ ಬರೆಸಿ.